ಯಾರ ಕೈಲಿ ಆಗುತ್ತದೆ?

ಶಾನುಭೋಗರ ಕಡತದಿಂದ ‘ಭೂಮಿ’ ತಂತ್ರಾಂಶದವರೆಗೆ ಅಧಿಕಾರ ಹಂಚಿಕೆಯ ಕಥೆ



ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಸೋಲೂರಿಗೆ ಹೋಗಿದ್ದೆ. ಬೆಂಗಳೂರಿನಿಂದ ನೆಲಮಂಗಲ ದಾಟಿ ಕುಣಿಗಲ್ ಕಡೆಗೆ ಹೊರಟರೆ ಹೆದ್ದಾರಿಯಲ್ಲೇ ಸಿಗುವ ಊರು ಇದು. ಹೋಬಳಿ ಕೇಂದ್ರವಾದ್ದರಿಂದ ಸುತ್ತಲಿನ ಹಳ್ಳಿಗಳ ಜನ ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಎಂದು ಇಲ್ಲಿಗೇ ಬರುತ್ತಾರೆ. ನಮ್ಮ ಕ್ಯಾಮೆರಾದವರು ಬೆಳಕು ಸರಿಯಾಗಲಿ ಎಂದು ಕಾಯುತ್ತಿದ್ದರು. ನಾನು ನಾಡಕಚೇರಿಯ ಕಿಟಕಿಯ ಹತ್ತಿರ ನಿಂತಿದ್ದೆ. ಒಬ್ಬ ಅಜ್ಜಿ ಒಳಗೆ ಗಣಕದ ಮುಂದೆ ಕುಳಿತಿದ್ದ ಹುಡುಗನನ್ನು ಕೇಳುತ್ತಿದ್ದರು.

“ಅಲ್ಲ ಕಣಪ್ಪಾ, ಮಿಷನ್ನು ನಿನ್ನ ಮುಂದೇನೇ ಐತೆ. ನಮ್ಮನೆಯೋರ ಹೆಸರು ತೆಗೆದು ನನ್ನ ಹೆಸರು ಹಾಕೋಕೆ ಏನು ಕಷ್ಟ?”

“ನನ್ನ ಕೈಲಿ ಆಗಲ್ಲ ಅಜ್ಜಿ. ನಾನು ಅರ್ಜಿ ತಗೋಬಹುದು, ರಶೀದಿ ಕೊಡಬಹುದು, ಅಷ್ಟೇ.”

“ಮತ್ತೆ ಯಾರ ಕೈಲಾಗುತ್ತೆ? ಅದನ್ನಾದ್ರೂ ಹೇಳು.”

ಗಂಡ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ ನಮ್ಮ ಕಡೆ ‘ಪೌತಿ ಖಾತೆ’ ಎನ್ನುತ್ತಾರೆ. ಆ ಅಜ್ಜಿ ಬಂದದ್ದು ಅದಕ್ಕೆ. ಅವರ ಎರಡೂ ಪ್ರಶ್ನೆಗಳು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟವು. ಗಣಕ ಮುಂದಿದ್ದರೂ ಆ ಹುಡುಗನ ಕೈಲಿ ಏಕೆ ಆಗುವುದಿಲ್ಲ? ಅವನ ಕೈಲಿ ಆಗದಿದ್ದರೆ ಯಾರ ಕೈಲಿ ಆಗುತ್ತದೆ? ಒಂದು ದೊಡ್ಡ ಪೋರ್ಟಲ್‌ನ ತಂತ್ರಾಂಶವನ್ನು ರೂಪಿಸುವವರು ಮೊಟ್ಟಮೊದಲು ಉತ್ತರಿಸಬೇಕಾದ ಪ್ರಶ್ನೆಗಳೂ ಇವೇ. ಇವಕ್ಕೆ ಉತ್ತರ ಹುಡುಕುವಾಗ ಗಣಕವಿಜ್ಞಾನದಷ್ಟೇ ನಮ್ಮ ಹಳ್ಳಿಗಳ ಇತಿಹಾಸವೂ ನೆರವಿಗೆ ಬರುತ್ತದೆ. ಹೇಗೆಂದು ನೋಡೋಣ.

ಕಲ್ಲು ಮತ್ತು ಕಡತ

ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಹಳೆಯ ದೇವಾಲಯದ ಬಳಿಯಲ್ಲೋ ಕೆರೆ ಏರಿಯ ಮೇಲೋ ಶಾಸನದ ಕಲ್ಲುಗಳನ್ನು ನೀವು ನೋಡಿರಬಹುದು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಮಾಗಡಿ ತಾಲ್ಲೂಕಿನ ಶಾಸನಗಳೂ ಅದರಲ್ಲಿವೆ. ದಾನಶಾಸನಗಳ ಕ್ರಮ ಹೆಚ್ಚುಕಡಿಮೆ ಒಂದೇ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಭೂಮಿಯ ಎಲ್ಲೆ ಯಾವುದು ಎಂಬ ವಿವರ ಮೊದಲು ಬರುತ್ತದೆ. ಸಾಕ್ಷಿಗಳ ಹೆಸರು, ಬರೆದವನ ಹೆಸರು ಅನೇಕ ಕಡೆ ಕೊನೆಯಲ್ಲಿ ಇರುತ್ತವೆ. ದಾನವನ್ನು ಅಪಹರಿಸಿದವನಿಗೆ ಪಾಪ ತಟ್ಟಲಿ ಎಂಬ ಶಾಪವೂ ಉಂಟು. ಈ ದಾಖಲೆಯನ್ನು ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಓದಬಹುದು, ಆದರೆ ಯಾರೂ ಸುಲಭವಾಗಿ ತಿದ್ದಲಾಗದು. ಓದುವ ಹಕ್ಕು ಎಲ್ಲರಿಗೆ, ಬರೆಯುವ ಹಕ್ಕು ಒಮ್ಮೆ ಮಾತ್ರ.

ಆದರೆ ಹಳ್ಳಿಯ ದಿನನಿತ್ಯದ ಲೆಕ್ಕವನ್ನು ಕಲ್ಲಿನ ಮೇಲೆ ಕೆತ್ತಲಾಗುವುದಿಲ್ಲ. ಕಂದಾಯ ಎಷ್ಟು ಬಂತು, ಬಾಕಿ ಎಷ್ಟು, ಯಾವ ಹೊಲ ಯಾರ ಉಳುಮೆಯಲ್ಲಿದೆ ಎಂಬುದು ವರ್ಷವರ್ಷವೂ ಬದಲಾಗುತ್ತದೆ. ಅದಕ್ಕೆ ಇದ್ದುದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಕಪ್ಪನೆಯ ಪುಸ್ತಕ ಮಾಡುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಇಂದು ಸರ್ಕಾರಿ ಕಚೇರಿಯ ಫೈಲಿಗೆ ನಾವು ಬಳಸುವ ‘ಕಡತ’ ಎಂಬ ಮಾತು ಆ ಬಟ್ಟೆಯ ಪುಸ್ತಕದಿಂದಲೇ ಬಂದದ್ದು.

ಒರೆಸಿ ಬರೆಯಬಹುದಾದ ಪುಸ್ತಕ ಎಂದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ. ಬಳಪ ಯಾರ ಕೈಯಲ್ಲಿದೆ? ಹಳೆಯ ಮೈಸೂರು ಸೀಮೆಯಲ್ಲಿ ಆ ಕೈ ಶಾನುಭೋಗರದು. ಅವರ ಜೊತೆಗೆ ಪಟೇಲರಿದ್ದರು. ಕಂದಾಯ ವಸೂಲಿ ಮಾಡುವುದು, ಊರಿನಲ್ಲಿ ಶಾಂತಿ ಕಾಪಾಡುವುದು ಪಟೇಲರ ಕೆಲಸವಾದರೆ ಲೆಕ್ಕ ಬರೆಯುವುದು ಶಾನುಭೋಗರ ಕೆಲಸ. ಊರು ಕಾಯಲು ತಳವಾರ, ಕೆರೆಯ ತೂಬು ಎತ್ತಿ ನೀರು ಹಂಚಲು ನೀರಗಂಟಿ. ಹೀಗೆ ಊರಿನ ಸೇವಕರೆಲ್ಲ ಸೇರಿ ಹನ್ನೆರಡು ಮಂದಿ ಆಯಗಾರರು ಎಂದು ಹೇಳುವ ರೂಢಿ. ಇನಾಮು ಭೂಮಿಯ ಮೂಲಕವೋ ಕಣದಲ್ಲಿ ಸಿಗುವ ಧಾನ್ಯದ ಪಾಲಿನ ಮೂಲಕವೋ ಅವರಿಗೆ ಸಂಭಾವನೆ ಸಲ್ಲುತ್ತಿತ್ತು.

ಇಲ್ಲಿ ಒಂದು ಜಾಣತನವನ್ನು ಗಮನಿಸಿ. ಹಣ ವಸೂಲಿ ಮಾಡುವವರು ಬೇರೆ, ಲೆಕ್ಕ ಬರೆಯುವವರು ಬೇರೆ. ಪಾತ್ರಗಳನ್ನು ಬಿಡಿಸಿಡಬೇಕು ಎಂಬ ತಿಳಿವಳಿಕೆ ನಮ್ಮ ಹಳ್ಳಿಗಳಿಗೆ ಮೊದಲಿನಿಂದಲೂ ಇತ್ತು. ಕೊರತೆ ಇದ್ದದ್ದು ಬೇರೊಂದು ಕಡೆ. ಆ ಪಾತ್ರಗಳು ವಂಶಪಾರಂಪರ್ಯವಾಗಿ ಮನೆತನಗಳಿಗೆ ಅಂಟಿಕೊಂಡಿದ್ದವು. ತಂದೆಯ ನಂತರ ಮಗ. ಪುಸ್ತಕ ಇರುವುದು ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ. ಅಲ್ಲಿ ಏನು ಬರೆದಿದೆಯೆಂದು ಓದಲು ಬಾರದ ರೈತ ಅವರ ಮಾತನ್ನೇ ನಂಬಬೇಕು. ಎಷ್ಟೋ ಶಾನುಭೋಗರು ಪ್ರಾಮಾಣಿಕರಾಗಿದ್ದರು, ಊರಿನ ಕಾಗದಪತ್ರಗಳನ್ನು ತಲೆಮಾರುಗಟ್ಟಲೆ ಜೋಪಾನ ಮಾಡಿದರು. ಆದರೆ ಒಬ್ಬರು ಪ್ರಾಮಾಣಿಕರಲ್ಲದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಆ ವ್ಯವಸ್ಥೆಯಲ್ಲಿ ಉತ್ತರವಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಹುದ್ದೆ ಮನೆಯಿಂದ ಹೊರಬಂದ ದಿನ

1961ರಲ್ಲಿ ನಮ್ಮ ರಾಜ್ಯದ ಶಾಸನಸಭೆ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯ್ದೆ ಮಾಡಿತು. 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು ಅಂದಿಗೆ ಮುಗಿದವು. ಅವುಗಳ ಬದಲಿಗೆ ಸರ್ಕಾರ ನೇಮಿಸಿದ, ಸಂಬಳ ಪಡೆಯುವ, ವರ್ಗಾವಣೆಯಾಗುವ ಗ್ರಾಮ ಲೆಕ್ಕಿಗರು ಬಂದರು. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರಿದೆ. 1964ರ ಭೂಕಂದಾಯ ಕಾಯ್ದೆ ಯಾವ ಅಧಿಕಾರಿ ಯಾವ ಕೆಲಸ ಮಾಡಬೇಕು ಎಂಬುದನ್ನು ಬರಹದಲ್ಲಿ ಕಟ್ಟಿಕೊಟ್ಟಿತು.

ಇದು ದೊಡ್ಡ ಹೆಜ್ಜೆ. ಹುದ್ದೆಯೇ ಬೇರೆ, ಹುದ್ದೆಯಲ್ಲಿ ಕುಳಿತ ವ್ಯಕ್ತಿಯೇ ಬೇರೆ ಎಂಬುದು ಅಂದು ಕಾನೂನಾಯಿತು. ಸೋಲೂರಿನ ಲೆಕ್ಕಿಗರು ಬೇರೆ ಹೋಬಳಿಗೆ ವರ್ಗವಾದರೆ ಸೋಲೂರಿನ ಪುಸ್ತಕ ಅವರ ಜೊತೆ ಹೋಗುವುದಿಲ್ಲ. ಹೊಸಬರು ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಗಣಕವಿಜ್ಞಾನದವರು ಇಂದು ‘ಪಾತ್ರ’ ಎಂದು ಕರೆಯುವುದು ಆ ಕುರ್ಚಿಯನ್ನೇ.

ಆದರೂ ಒಂದು ಗಂಟು ಬಿಚ್ಚದೆ ಉಳಿಯಿತು. ಪಹಣಿ ಪುಸ್ತಕವನ್ನು ಇಟ್ಟುಕೊಳ್ಳುವವರು, ಅದರಲ್ಲಿ ಬರೆಯುವವರು, ಅದರ ಪ್ರತಿಯನ್ನು ರೈತನಿಗೆ ಕೊಡುವವರು ಮೂರೂ ಒಬ್ಬರೇ. ಪಹಣಿ ಎಂದರೆ ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ. ಆರ್‌ಟಿಸಿ ಎನ್ನುವುದೂ ಅದನ್ನೇ. ಬೆಳೆ ಸಾಲ ಬೇಕಾದರೆ, ಜಾಮೀನು ನಿಲ್ಲಬೇಕಾದರೆ, ಜಮೀನು ಮಾರಬೇಕಾದರೆ ಅದು ಬೇಕೇ ಬೇಕು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು, ಒಬ್ಬೊಬ್ಬರಿಗೂ ಹಲವು ಹಳ್ಳಿಗಳು. ಅವರು ಇಂದು ಯಾವ ಹಳ್ಳಿಯಲ್ಲಿ ಸಿಗುತ್ತಾರೆ ಎಂದು ಹುಡುಕಿಕೊಂಡು ಅಲೆದ ರೈತರ ಕಥೆಗಳನ್ನು ನಿಮ್ಮ ಮನೆಯ ಹಿರಿಯರೇ ಹೇಳಿಯಾರು.

ಗಣಕದಲ್ಲಿ ಮೊದಲ ಬೀಗ

ಈಗ ಸ್ವಲ್ಪ ಹೊತ್ತು ಮಾಗಡಿ ಸೀಮೆ ಬಿಟ್ಟು ದೂರ ಹೋಗೋಣ. ನಮ್ಮಲ್ಲಿ ಶಾನುಭೋಗಿಕೆ ರದ್ದಾಗುವ ಕಾಯ್ದೆ ಬಂದ 1961ರಲ್ಲೇ ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಜೊತೆಗಾರರು ಒಂದೇ ಗಣಕವನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು ತೋರಿಸಿದರು. ಅದರ ಹೆಸರು ಸಿಟಿಎಸ್‌ಎಸ್. ಯಂತ್ರ ಒಂದೇ, ಜನ ಹಲವರು. ಹಾಗಾದರೆ ನನ್ನ ಕಡತವನ್ನು ನೀವು ನೋಡದಂತೆ ಮಾಡುವುದು ಹೇಗೆ? ಅವರು ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಪದ ಕೊಟ್ಟರು. ನಾವು ಇಂದು ಪಾಸ್‌ವರ್ಡ್ ಎನ್ನುವುದು ಗಣಕಲೋಕಕ್ಕೆ ಬಂದದ್ದು ಹಾಗೆ.

ಬೀಗ ಬಂದ ಮರುವರ್ಷವೇ ಅದನ್ನು ತೆರೆದವರೂ ಬಂದರು. 1962ರಲ್ಲಿ ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ ತನಗೆ ಹಂಚಿಕೆಯಾದ ಗಣಕದ ಸಮಯ ಸಾಲದೆ, ಗುಟ್ಟಿನ ಪದಗಳನ್ನೆಲ್ಲ ಇಟ್ಟಿದ್ದ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಒಂದು ಪಂಚ್ ಕಾರ್ಡ್ ಕೊಟ್ಟ. ಯಂತ್ರ ಮುದ್ರಿಸಿಕೊಟ್ಟಿತು! ಯಾರು ಒಳಗೆ ಬಂದರು ಎಂದು ತಿಳಿದರೆ ಸಾಲದು, ಒಳಗೆ ಬಂದವರು ಏನೇನು ಮಾಡಬಹುದು ಎಂಬುದಕ್ಕೂ ಎಲ್ಲೆ ಬೇಕು ಎಂಬ ಪಾಠ ಆಗಲೇ ಸಿಕ್ಕಿತು.

1970ರ ದಶಕದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಬೆಳೆದ ಯೂನಿಕ್ಸ್ ಎಂಬ ವ್ಯವಸ್ಥೆ ಇದಕ್ಕೊಂದು ಸರಳ ದಾರಿ ಕಂಡುಕೊಂಡಿತು. ಪ್ರತಿ ಕಡತಕ್ಕೂ ಮೂರು ಬಗೆಯ ಜನ: ಒಡೆಯ, ಅವನ ಗುಂಪು, ಉಳಿದವರು. ಪ್ರತಿಯೊಬ್ಬರಿಗೂ ಮೂರು ಬಗೆಯ ಅನುಮತಿ: ಓದು, ಬರೆ, ನಡೆಸು. 1975ರಲ್ಲಿ ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿಜ್ಞಾನಿಗಳು ಒಂದು ಪ್ರಬಂಧದಲ್ಲಿ ಎರಡು ಮುಖ್ಯ ನಿಯಮಗಳನ್ನು ವಿವರಿಸಿದರು. ಯಾರಿಗೂ ಅವರ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚು ಅನುಮತಿ ಕೊಡಬೇಡಿ. ಮುಖ್ಯವಾದ ಬೀಗಕ್ಕೆ ಎರಡು ಕೀಲಿಕೈ ಇರಲಿ, ಅವು ಇಬ್ಬರ ಬಳಿ ಇರಲಿ. 1992ರಲ್ಲಿ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕೂನ್ ಎಂಬುವರು ಅನುಮತಿಯನ್ನು ವ್ಯಕ್ತಿಗೆ ಕೊಡುವ ಬದಲು ಪಾತ್ರಕ್ಕೆ ಕೊಡುವ ಕ್ರಮವನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. 2004ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. 1963ರಲ್ಲಿ ನಮ್ಮ ಹಳ್ಳಿಗಳಲ್ಲಿ ಕಾನೂನು ಮಾಡಿದ್ದನ್ನೇ ಅವರು ಗಣಕದೊಳಗೆ ಮಾಡಿದರು ಎಂದರೆ ತಪ್ಪಾಗಲಾರದು.

ಬಳಕೆದಾರ, ಗುಂಪು, ಪಾತ್ರ

ಈ ಮೂರು ಮಾತುಗಳನ್ನು ಸೋಲೂರಿನ ಉದಾಹರಣೆಯಿಂದಲೇ ಅರ್ಥ ಮಾಡಿಕೊಳ್ಳೋಣ.

ಬಳಕೆದಾರ ಎಂದರೆ ಒಬ್ಬ ವ್ಯಕ್ತಿ. ತಂತ್ರಾಂಶ ಮೊದಲು ಕೇಳುವುದು “ನೀನು ಯಾರು?” ಎಂದು. ಗುಟ್ಟಿನ ಪದವೋ ಬೆರಳಚ್ಚೋ ಅದಕ್ಕೆ ಉತ್ತರ. ಗುಂಪು ಎಂದರೆ ಆ ವ್ಯಕ್ತಿ ಎಲ್ಲಿ ಸೇರಿದ್ದಾನೆ ಎಂಬುದು. ಗ್ರಾಮ, ವೃತ್ತ, ಹೋಬಳಿ, ತಾಲ್ಲೂಕು, ಉಪವಿಭಾಗ, ಜಿಲ್ಲೆ ಎಂದು ಇವು ಒಂದರೊಳಗೊಂದು ಅಡಗಿವೆ. ಪಾತ್ರ ಎಂದರೆ ಅವನು ಮಾಡಬಹುದಾದ ಕೆಲಸ. ಗ್ರಾಮ ಲೆಕ್ಕಿಗ, ಕಂದಾಯ ನಿರೀಕ್ಷಕ, ಉಪ ತಹಶೀಲ್ದಾರ್, ತಹಶೀಲ್ದಾರ್ ಇವೆಲ್ಲ ಪಾತ್ರಗಳು.

ಗುಂಪು ಮತ್ತು ಪಾತ್ರ ಕೂಡಿದಾಗ ಮಾತ್ರ ಅಧಿಕಾರ ಪೂರ್ಣವಾಗುತ್ತದೆ. ‘ಕಂದಾಯ ನಿರೀಕ್ಷಕ’ ಎಂದಷ್ಟೇ ಹೇಳಿದರೆ ಸಾಲದು, ‘ಸೋಲೂರು ಹೋಬಳಿಯ ಕಂದಾಯ ನಿರೀಕ್ಷಕ’ ಎನ್ನಬೇಕು. ಇಲ್ಲವಾದರೆ ಸೋಲೂರಿನವರು ಕುದೂರಿನ ಪಹಣಿಯನ್ನೂ ತಿಪ್ಪಸಂದ್ರದ ಪಹಣಿಯನ್ನೂ ತಿದ್ದಿಬಿಡಬಹುದು.

ಪಾತ್ರದಿಂದ ಆಗುವ ಲಾಭವನ್ನು ಒಂದು ಸಣ್ಣ ಲೆಕ್ಕದಿಂದ ನೋಡಿ. 9,000 ಲೆಕ್ಕಿಗರಿಗೆ ತಲಾ 20 ಅನುಮತಿಗಳು ಬೇಕು ಎಂದಿಟ್ಟುಕೊಳ್ಳಿ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕೊಡುತ್ತಾ ಹೋದರೆ 1,80,000 ನಮೂದುಗಳಾಗುತ್ತವೆ. ‘ಗ್ರಾಮ ಲೆಕ್ಕಿಗ’ ಎಂಬ ಪಾತ್ರಕ್ಕೆ ಒಮ್ಮೆ 20 ಅನುಮತಿ ಕೊಟ್ಟು, 9,000 ಜನರನ್ನು ಆ ಪಾತ್ರಕ್ಕೆ ಸೇರಿಸಿದರೆ 9,020 ನಮೂದು ಸಾಕು. ನಾಳೆ ನಿಯಮ ಬದಲಾದರೆ ಒಂದು ಕಡೆ ತಿದ್ದಿದರಾಯಿತು. ಒಬ್ಬರು ನಿವೃತ್ತರಾದರೆ ಒಂದು ನಮೂದು ತೆಗೆದರಾಯಿತು. ಲೆಕ್ಕ ಕಡಿಮೆಯಾದಷ್ಟೂ ತಪ್ಪೂ ಕಡಿಮೆ.

ಗುಂಪನ್ನು ಪಾತ್ರದಿಂದ ಬೇರೆ ಇಡಬೇಕಾದ ಕಾರಣವನ್ನು ಸೋಲೂರಿನ ಇತಿಹಾಸವೇ ಹೇಳುತ್ತದೆ. ಈ ಊರು ಇದ್ದಲ್ಲೇ ಇದೆ, ಅದರ ವಿಳಾಸ ಮಾತ್ರ ಬದಲಾಗುತ್ತ ಬಂದಿದೆ. 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದಾಗ ಮಾಗಡಿ ತಾಲ್ಲೂಕಿನೊಡನೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತು. 2007ರಲ್ಲಿ ಹೊಸದಾದ ರಾಮನಗರ ಜಿಲ್ಲೆಗೆ ಬಂತು. 2008ರಲ್ಲಿ ವಿಧಾನಸಭಾ ಕ್ಷೇತ್ರಗಳ ಮರುವಿಂಗಡಣೆ ಜಾರಿಯಾದಾಗ ಸೋಲೂರು ಹೋಬಳಿ ನೆಲಮಂಗಲ ಕ್ಷೇತ್ರಕ್ಕೆ ಸೇರಿತು. ಕಂದಾಯಕ್ಕೆ ಒಂದು ಗುಂಪು, ಮತದಾನಕ್ಕೆ ಇನ್ನೊಂದು ಗುಂಪು! 2025ರಲ್ಲಿ ರಾಮನಗರ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಲಾಯಿತು. ತಂತ್ರಾಂಶದಲ್ಲಿ ‘ರಾಮನಗರದ ತಹಶೀಲ್ದಾರ್ ಪಾತ್ರ’, ‘ಬೆಂಗಳೂರು ಗ್ರಾಮಾಂತರದ ತಹಶೀಲ್ದಾರ್ ಪಾತ್ರ’ ಎಂದು ಎರಡನ್ನೂ ಬೆಸೆದು ಬರೆದಿದ್ದರೆ ಪ್ರತಿ ಸಲವೂ ಎಲ್ಲವನ್ನೂ ಮತ್ತೆ ಕಟ್ಟಬೇಕಾಗುತ್ತದೆ. ಬೇರೆಬೇರೆ ಇಟ್ಟರೆ ಸೋಲೂರಿನ ತಂತಿಯನ್ನು ಒಂದು ಕೊಕ್ಕೆಯಿಂದ ತೆಗೆದು ಇನ್ನೊಂದಕ್ಕೆ ಸಿಕ್ಕಿಸಿದರೆ ಸಾಕು.

‘ಭೂಮಿ’ ಬಂದಾಗ

ಕರ್ನಾಟಕದ ಪಹಣಿಗಳನ್ನು ಗಣಕಕ್ಕೆ ಏರಿಸಿದ ಯೋಜನೆಯ ಹೆಸರು ‘ಭೂಮಿ’. ಕಂದಾಯ ಇಲಾಖೆಯಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಎನ್‌ಐಸಿ ಸಂಸ್ಥೆ ಬರೆದ ತಂತ್ರಾಂಶದೊಂದಿಗೆ ಅದು ನಡೆಯಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು. ಅವನ್ನು ಬೆರಳಚ್ಚು ಮಾಡಿ, ಮುದ್ರಿಸಿ, ಗ್ರಾಮ ಲೆಕ್ಕಿಗರಿಂದಲೇ ಮೂಲದೊಂದಿಗೆ ತಾಳೆ ನೋಡಿಸಿ ತಿದ್ದಿದರು. 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ತೆರೆದಿದ್ದವು. ಗಣಕೀಕರಣ ಮುಗಿದ ಕಡೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದಾಯಿತು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪಹಣಿಯ ಪ್ರತಿ ಪಡೆಯಬಹುದಿತ್ತು. ಲೆಕ್ಕಿಗರನ್ನು ಹುಡುಕಿ ಅಲೆಯಬೇಕಾಗಿಲ್ಲ. ಓದುವ ಹಕ್ಕು ಶಾಸನದ ಕಲ್ಲಿನ ಕಾಲದಂತೆ ಮತ್ತೆ ಎಲ್ಲರದಾಯಿತು.

ಬರೆಯುವ ಹಕ್ಕನ್ನು ಹೇಗೆ ಹಂಚಿದರು ಎಂಬುದು ಇನ್ನೂ ಮುಖ್ಯ. ಖಾತೆ ಬದಲಾವಣೆಯ ಅರ್ಜಿಯನ್ನು ಕೇಂದ್ರದಲ್ಲಿ ಸ್ವೀಕರಿಸಿ ಸರದಿಯ ಸಂಖ್ಯೆ ಕೊಡುತ್ತಾರೆ. ಮೊದಲು ಬಂದ ಅರ್ಜಿಗೆ ಮೊದಲ ಸರದಿ. ನಂತರ ನೋಟಿಸ್ ಹೊರಡುತ್ತದೆ. ಅದನ್ನು ಹಳ್ಳಿಗೆ ತಲುಪಿಸುವುದು ಗ್ರಾಮ ಲೆಕ್ಕಿಗರ ಪಾತ್ರ. ತಕರಾರು ಇದ್ದವರು ಹೇಳಲಿ ಎಂದು ಆಗ 30 ದಿನ ಕಾಯುತ್ತಿದ್ದರು. ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರು ಆದೇಶ ಮಾಡುತ್ತಾರೆ. ಆ ಆದೇಶದ ಕಾಗದವನ್ನು ಸ್ಕ್ಯಾನ್ ಮಾಡಿ ಸೇರಿಸಿದ ಮೇಲೆಯೇ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ತಕರಾರು ಬಂದರೆ ವಿಚಾರಣೆಯ ದಾರಿ ಬೇರೆ. ಗಣಕದಲ್ಲಿ ಕೆಲಸ ಮಾಡುವವರು ಬೆರಳಚ್ಚು ಒತ್ತಿಯೇ ಒಳಗೆ ಬರಬೇಕು. ಯಾವ ನಮೂದನ್ನು ಯಾರು ಮಾಡಿದರು ಎಂಬುದು ಅವರ ಹೆಸರಿನಲ್ಲೇ ದಾಖಲಾಗುತ್ತದೆ. ಶಾಸನದ ಕೊನೆಯಲ್ಲಿ ಬರೆದವನ ಹೆಸರು ಇದ್ದಂತೆ! ಕೇಂದ್ರದಲ್ಲಿ ರೈತನ ಕಡೆಗೂ ಒಂದು ಪರದೆ ತಿರುಗಿಸಿಟ್ಟಿದ್ದರು. ತನ್ನ ಕಾಗದದಲ್ಲಿ ಏನು ಬರೆಯುತ್ತಿದ್ದಾರೆಂದು ಅವನೂ ನೋಡಲಿ ಎಂದು.

ಅಜ್ಜಿಯ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಿಟಕಿಯ ಹುಡುಗನ ಕೈಲಿ ಆಗದಿರುವುದು ಯಂತ್ರದ ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಅವನೊಬ್ಬನ ಕೈಲಿ ಆಗುವಂತಿದ್ದರೆ, ನಾಳೆ ಇನ್ನೊಬ್ಬರು ಬಂದು ಅದೇ ಕಿಟಕಿಯಲ್ಲಿ ಅಜ್ಜಿಯ ಹೆಸರನ್ನು ತೆಗೆಸಿ ತಮ್ಮ ಹೆಸರನ್ನು ಕೂರಿಸಿಕೊಳ್ಳಬಹುದಿತ್ತು.

ಹಾಗಾದರೆ ಮೇಲಿನ ಅಧಿಕಾರಿಗಳ ಕೈಲಿ ಎಲ್ಲವೂ ಆಗಬೇಕಲ್ಲವೇ? ಇಲ್ಲ. ಪಹಣಿಯ ಆದೇಶದ ಮೇಲೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಜಿಲ್ಲಾಧಿಕಾರಿಗೆ ಪರಿಷ್ಕರಣೆಯ ಅಧಿಕಾರವಿದೆ. ಮೇಲ್ಮನವಿ ಕೇಳಬೇಕಾದವರೇ ಕೆಳಗಿಳಿದು ಮೊದಲ ಆದೇಶವನ್ನೂ ಬರೆದುಬಿಟ್ಟರೆ ರೈತ ಆಮೇಲೆ ಯಾರ ಬಳಿ ಹೋಗಬೇಕು? ಆದ್ದರಿಂದ ಉತ್ತಮ ತಂತ್ರಾಂಶದಲ್ಲಿ ಮೇಲಿನ ಗುಂಪಿನವರಿಗೆ ಕೆಳಗಿನದನ್ನು ನೋಡುವ ಅನುಮತಿ ತಾನಾಗಿ ಬರಬಹುದು, ಬರೆಯುವ ಅನುಮತಿ ತಾನಾಗಿ ಬರಬಾರದು. ಹಿರಿತನ ಬೇರೆ, ಪಾತ್ರ ಬೇರೆ.

ಎಲ್ಲವೂ ಸರಿಹೋಯಿತೇ?

ಇಲ್ಲಿಗೆ ಕಥೆ ಸುಖಾಂತವಾಯಿತು ಎಂದುಕೊಳ್ಳಬೇಡಿ. ಪಹಣಿ ಪ್ರತಿ ಪಡೆಯುವಾಗಿನ ಲಂಚ ಬಹಳ ಕಡಿಮೆಯಾಯಿತು ಎಂದು ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್‌ನ ಅಧ್ಯಯನ ಹೇಳಿತು. ಆದರೆ 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಜೊತೆಗಾರರು ಬರೆದ ಇನ್ನೊಂದು ಅಧ್ಯಯನ ಭೂಮಿಯನ್ನು ಕಟುವಾಗಿ ವಿಮರ್ಶಿಸಿತು. ಅಧಿಕಾರ ಹಳ್ಳಿಯ ಕೈತಪ್ಪಿ ಮೇಲಕ್ಕೆ ಹೋಯಿತು, ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಅನುಕೂಲವಾಯಿತು ಎಂದು ಅದು ವಾದಿಸಿತು. ಎರಡನ್ನೂ ನೀವು ತೂಗಿ ನೋಡಬೇಕು. ಅನುಮತಿಯನ್ನು ಹೇಗೆ ಹಂಚುತ್ತೇವೆ ಎಂಬುದು ಯಾರ ನೆಲ ಯಾರ ಪಾಲಾಗುತ್ತದೆ ಎಂಬುದನ್ನೂ ಮುಟ್ಟುತ್ತದೆ.

ಇನ್ನೂ ಎರಡು ಅಪಾಯಗಳಿವೆ. ಹಳೆಯ ಪುಸ್ತಕದಲ್ಲಿದ್ದ ತಪ್ಪು ಗಣಕಕ್ಕೂ ಬಂದರೆ, ಅದನ್ನು ತಿದ್ದಿಸಲು ಈಗ ಹಲವು ಪಾತ್ರಗಳನ್ನು ದಾಟಬೇಕು. ಎರಡನೆಯದು, ದತ್ತಾಂಶವನ್ನು ನಿರ್ವಹಿಸುವ ತಾಂತ್ರಿಕರದು. ಗಣಕದ ಭಾಷೆಯಲ್ಲಿ ‘ಸೂಪರ್ ಯೂಸರ್’ ಎಂಬ ಒಬ್ಬ ಬಳಕೆದಾರನಿರುತ್ತಾನೆ. ಅವನಿಗೆ ಬೀಗವೇ ಇಲ್ಲ. ಎಚ್ಚರ ತಪ್ಪಿದರೆ ಅವನೇ ಹೊಸ ಕಾಲದ ಬಳಪ ಹಿಡಿದವನು. ಅದಕ್ಕೆಂದೇ ಅವನ ಕೆಲಸದ ದಾಖಲೆ ಅವನೇ ಅಳಿಸಲಾಗದ ಕಡೆ, ಇನ್ನೊಬ್ಬರ ಕಣ್ಣಿನಲ್ಲಿ ಇರಬೇಕು.

ನನ್ನದೇ ಒಂದು ಪಾಠ

ಇದನ್ನೆಲ್ಲ ಪುಸ್ತಕ ಓದಿ ಹೇಳುತ್ತಿಲ್ಲ. ವಿಜ್ಞಾನದ ಪದವಿ ಮುಗಿಸಿ ದೃಶ್ಯ ಮಾಧ್ಯಮಕ್ಕೆ ಕಾಲಿಟ್ಟ ಹೊಸದರಲ್ಲಿ ನಾನಿದ್ದ ಒಂದು ಕಡೆ ಸಂಕಲನದ ಕೋಣೆಯ ಗಣಕಕ್ಕೆ ಏಳು ಜನರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಅದನ್ನು ಗೋಡೆಯ ಮೇಲೆ ಚೀಟಿ ಬರೆದು ಅಂಟಿಸಿದ್ದೆವು. ಕೆಲಸ ಬೇಗ ಆಗುತ್ತದೆ ಎಂದು ನಮಗೆಲ್ಲ ಸಂತೋಷವೇ. ಒಂದು ಸೋಮವಾರ ಬಂದು ನೋಡಿದರೆ ಒಬ್ಬ ಹಿರಿಯ ತೊಗಲುಗೊಂಬೆ ಕಲಾವಿದರೊಡನೆ ನಾನು ಮಾಡಿದ್ದ ಎರಡು ಗಂಟೆಯ ಸಂದರ್ಶನ ಇರಲಿಲ್ಲ. ಜಾಗ ಸಾಲದೆಂದು ಯಾರೋ ಅಳಿಸಿದ್ದರು. ಯಾರೆಂದು ಕೇಳಿದರೆ ಗಣಕ ಹೇಳಿದ್ದು ನಮ್ಮೆಲ್ಲರ ಒಂದೇ ಹೆಸರನ್ನು. ಒಬ್ಬರು ಇನ್ನೊಬ್ಬರ ಮುಖ ನೋಡಿದೆವು. ನಾನೇ ಅಳಿಸಿರಬಹುದೇ ಎಂಬ ಅನುಮಾನ ನನಗೂ ಬಂತು. ಮತ್ತೆ ಚಿತ್ರೀಕರಿಸೋಣವೆಂದು ಹೊರಡುವಷ್ಟರಲ್ಲಿ ಆ ಕಲಾವಿದರು ತೀರಿಕೊಂಡಿದ್ದರು.

ಅಂದಿನಿಂದ ಒಂದು ಮಾತು ನೆನಪಿಟ್ಟುಕೊಂಡಿದ್ದೇನೆ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಬೇಕು ಎನ್ನುವುದು ಯಾರ ಮೇಲಿನ ಅಪನಂಬಿಕೆಯಿಂದಲೂ ಅಲ್ಲ. ತಪ್ಪು ಮಾಡದವರ ಮೇಲೆ ಅನುಮಾನ ಬೀಳದಿರಲಿ ಎಂದು. ನಾವು ಏಳು ಜನರಲ್ಲಿ ಆರು ಮಂದಿ ನಿರ್ದೋಷಿಗಳಾಗಿದ್ದೆವು, ಅದನ್ನು ತೋರಿಸುವ ದಾರಿ ಒಬ್ಬರಿಗೂ ಇರಲಿಲ್ಲ. ಬ್ಯಾಂಕಿನಲ್ಲಾಗಲಿ ಕಚೇರಿಯಲ್ಲಾಗಲಿ ತನ್ನ ಪಾಸ್‌ವರ್ಡನ್ನು ಪಕ್ಕದವರಿಗೆ ಹೇಳಿ ಊಟಕ್ಕೆ ಹೋಗುವವರು, ತಮ್ಮ ಸಹಿ ಮಾಡಿದ ಖಾಲಿ ಕಾಗದವನ್ನು ಮೇಜಿನ ಮೇಲೆ ಇಟ್ಟು ಹೋದಂತೆಯೇ.

ಅಜ್ಜಿಯ ಎರಡನೆಯ ಪ್ರಶ್ನೆ

“ಮತ್ತೆ ಯಾರ ಕೈಲಾಗುತ್ತೆ? ಅದನ್ನಾದ್ರೂ ಹೇಳು” ಎಂದಿದ್ದರಲ್ಲ ಆ ಅಜ್ಜಿ. ಪೋರ್ಟಲ್ ರೂಪಿಸುವವರು ಅನೇಕ ಸಲ ಮರೆಯುವುದು ಈ ಪ್ರಶ್ನೆಯನ್ನು. ಅಧಿಕಾರಿಗಳ ಪಾತ್ರಗಳನ್ನೆಲ್ಲ ಜೋಪಾನವಾಗಿ ಬಿಡಿಸಿ ಬರೆಯುತ್ತಾರೆ. ಕಿಟಕಿಯ ಹೊರಗೆ ನಿಂತವರೂ ಒಬ್ಬ ಬಳಕೆದಾರರೇ, ಅವರಿಗೂ ಒಂದು ಪಾತ್ರ ಇದೆ, ಆ ಪಾತ್ರಕ್ಕೂ ಹಕ್ಕುಗಳಿವೆ ಎಂಬುದು ಹೊಳೆಯುವುದಿಲ್ಲ. ‘ನಿಮಗೆ ಅನುಮತಿ ಇಲ್ಲ’ ಎಂದಷ್ಟೇ ಪರದೆಯ ಮೇಲೆ ಮೂಡಿದರೆ ಅದು ಮುಚ್ಚಿದ ಬಾಗಿಲು. ‘ಇದನ್ನು ನಿಮ್ಮ ಹೋಬಳಿಯ ಕಂದಾಯ ನಿರೀಕ್ಷಕರು ಮಾಡಬೇಕು, ನಿಮ್ಮ ಅರ್ಜಿ ಇಂಥ ದಿನದಿಂದ ಅವರ ಮುಂದಿದೆ, ತಡವಾದರೆ ಇಂಥವರಿಗೆ ಹೇಳಿ’ ಎಂದು ಮೂಡಿದರೆ ಅದು ದಾರಿ ತೋರಿಸುವ ಬಾಗಿಲು.

2012ರಲ್ಲಿ ನಾಡಕಚೇರಿಗಳಲ್ಲಿ ಅಟಲ್‌ಜಿ ಜನಸ್ನೇಹಿ ಕೇಂದ್ರಗಳು ಆರಂಭವಾದಾಗ ಇಂಥ ಸೇವೆಗಳು ತಾಲ್ಲೂಕಿನಿಂದ ಹೋಬಳಿಗೆ ಇಳಿದು ಬಂದವು. ಅರ್ಜಿ ಎಲ್ಲಿದೆ ಎಂದು ರಶೀದಿಯ ಸಂಖ್ಯೆಯಿಂದ ತಿಳಿಯುವ ಅನುಕೂಲವೂ ಬಂದಿದೆ. ಅಂದು ಸೋಲೂರಿನ ಆ ಹುಡುಗ ಒಳ್ಳೆಯವನು. ಎದ್ದು ಕಿಟಕಿಯ ಹತ್ತಿರ ಬಂದು, ರಶೀದಿಯ ಹಿಂಬದಿಯಲ್ಲಿ ಪೆನ್ನಿನಿಂದ ಮೂರು ಸಾಲು ಬರೆದ. ಮೊದಲು ಯಾರು, ಆಮೇಲೆ ಯಾರು, ಎಷ್ಟು ದಿನವಾದ ಮೇಲೆ ಬಂದು ಕೇಳಬೇಕು. “ಇದನ್ನ ಮಗನಿಗೆ ತೋರಿಸಿ ಅಜ್ಜಿ” ಎಂದ. ಅಜ್ಜಿ ಅದನ್ನು ಮಡಚಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡರು. ಆ ಮೂರು ಸಾಲನ್ನು ತಂತ್ರಾಂಶವೇ ಅಚ್ಚು ಮಾಡಿ ಕೊಡಬೇಕಿತ್ತು ಎಂದು ನನಗನ್ನಿಸಿತು. ಎಲ್ಲ ಕಿಟಕಿಯಲ್ಲೂ ಅಂಥ ಹುಡುಗ ಇರುತ್ತಾನೆಂದು ನಂಬಿ ಕೂರುವಂತಿಲ್ಲವಲ್ಲ.

ನಿಮ್ಮಲ್ಲಿ ಕೆಲವರು ನಾಳೆ ಇಂಥ ಪೋರ್ಟಲ್‌ಗಳನ್ನು ರೂಪಿಸುವವರಾಗುತ್ತೀರಿ. ಹೆಚ್ಚಿನವರು ಅವನ್ನು ಬಳಸುವವರಾಗುತ್ತೀರಿ. ಎರಡು ಬಗೆಯವರೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾರ ಕೈಲಿ ಆಗುತ್ತದೆ, ಅವರು ಮಾಡಿದ್ದನ್ನು ನೋಡುವವರು ಯಾರು?

ನೀವೇ ಮಾಡಿ ನೋಡಿ

1. ನಿಮ್ಮ ಶಾಲೆಯ ಅಥವಾ ಕಾಲೇಜಿನ ಗ್ರಂಥಾಲಯಕ್ಕೆ ಒಂದು ತಂತ್ರಾಂಶ ಮಾಡಬೇಕೆಂದು ಭಾವಿಸಿ. ಬಳಕೆದಾರರು, ಗುಂಪುಗಳು, ಪಾತ್ರಗಳು ಎಂದು ಮೂರು ಪಟ್ಟಿ ಬರೆಯಿರಿ. ಯಾವ ಪಾತ್ರಕ್ಕೆ ಯಾವ ಅನುಮತಿ?

2. ಪುಸ್ತಕ ಕಳೆದುಹೋಯಿತು ಎಂದು ನಮೂದಿಸುವವರೂ ದಂಡ ಮನ್ನಾ ಮಾಡುವವರೂ ಒಬ್ಬರೇ ಆದರೆ ಏನಾಗಬಹುದು? ಇಬ್ಬರಾದರೆ?

3. ಒಬ್ಬ ವಿದ್ಯಾರ್ಥಿ ತೇರ್ಗಡೆಯಾಗಿ ಹೊರಟುಹೋದ ದಿನ ನಿಮ್ಮ ತಂತ್ರಾಂಶದಲ್ಲಿ ಏನೇನು ಬದಲಾಗಬೇಕು? ಏನು ಬದಲಾಗಬಾರದು?

4. ಮನೆಯಲ್ಲಿ ಹಿರಿಯರನ್ನು ಕೇಳಿ ನಿಮ್ಮ ಊರಿನ ಶಾನುಭೋಗರ, ಪಟೇಲರ, ನೀರಗಂಟಿಯ ಕೆಲಸಗಳನ್ನು ಬರೆದಿಡಿ. ಆ ಕೆಲಸಗಳನ್ನು ಇಂದು ಯಾವ ಯಾವ ಹುದ್ದೆಯವರು ಮಾಡುತ್ತಿದ್ದಾರೆ?